ಜೇನುಕೋಣೆಯ ಮುದ್ರೆಗೆ ಅಂಟಿದ ಹುರುಪೆ

ಫರೋ ರಾಜರ ಆಳ್ವಿಕೆಯ ಹನ್ನೊಂದನೆಯ ವರ್ಷ, ನೆರೆಗಾಲದ ಎರಡನೆಯ ತಿಂಗಳು, ನಾಲ್ಕನೆಯ ದಿನ. ಹೊತ್ತು ಮೂಡುತ್ತಲೇ ಬೆಕ್ಕಿನ ಮೊಗದ ಬಾಸ್ತೆತ್ ದೇವಿಯ ಗುಡಿಯ ಹಿರಿಯ ಪೂಜಾರಿ ಮೆರಿಪ್ತಾಹ್ ಠಾಣೆಗೆ ದೂರು ತಂದರು. ಜೇನುಕೋಣೆಯ ಬಾಗಿಲ ಹಗ್ಗಕ್ಕೆ ಒತ್ತಿದ್ದ ಮಣ್ಣಿನ ಮುದ್ರೆಯಲ್ಲಿ ಮೀನಿನ ಹುರುಪೆಯೊಂದು ಅಂಟಿಕೊಂಡಿದೆ. ಈ ತಿಂಗಳ ಸರದಿಯಲ್ಲಿ ದಿನಾ ಸಂಜೆ ಮುದ್ರೆ ಒತ್ತುವವನು ಪೂಜಾರಿ ನಖ್ತ. ಸೇವೆಯ ತಿಂಗಳಲ್ಲಿ ಪೂಜಾರಿಗಳು ಮೀನು ಮುಟ್ಟುವಂತಿಲ್ಲ.

"ಸಂಜೆಯೊಳಗೆ ಅವನನ್ನ ಸೇವೆಯಿಂದ ತೆಗೀತೀನಿ. ನೀವು ಪಂಚನಾಮೆ ಮಾಡಿಕೊಡಿ, ಸಾಕು."

ಠಾಣಾಧಿಕಾರಿ ಸೆನ್ಬಿ ದೂರು ಬರೆದುಕೊಂಡು, ಪೇದೆ ತೆಹರಿಯೊಂದಿಗೆ ಹೊರಟ.

ಜೇನುಕೋಣೆಯ ಮುಂದೆ ನಖ್ತ ನಿಂತಿದ್ದ. ಬೋಳುತಲೆ ಬೆವತಿತ್ತು.

"ಮೀನು ತಿಂದ್ಯಾ?"

"ಇಲ್ಲ ಬುದ್ಧಿ. ನಮ್ಮಪ್ಪ, ತಾತ ಎಲ್ಲ ಇಲ್ಲೇ ಸೇವೆ ಮಾಡಿದೋರು. ನನ್ನನ್ನ ಹೊರಗೆ ಹಾಕಿದ್ರೆ ನನ್ನ ಮಕ್ಕಳಿಗೂ ಈ ಗುಡಿ ಇಲ್ಲ."

ತೆಹರಿ ಅವನ ಬಾಯಿ ಮೂಸಿದ. "ಬರೀ ಬಿಯರ್, ಬುದ್ಧಿ. ಒಳ್ಳೇ ಬಿಯರ್."

ದಿನಾ ಬೆಳಿಗ್ಗೆ ಒಡೆದ ಮುದ್ರೆಯ ಚೂರುಗಳನ್ನು ಬಾಗಿಲ ಪಕ್ಕದ ಬುಟ್ಟಿಗೆ ಹಾಕುವುದು ಪದ್ಧತಿ. ಸೆನ್ಬಿ ಬುಟ್ಟಿಯನ್ನು ನೆಲಕ್ಕೆ ಸುರಿಸಿದ.

"ಇದು ಕಸ, ಬುದ್ಧಿ," ಎಂದ ತೆಹರಿ.

"ಕೂತ್ಕೊಂಡು ಒಂದೊಂದೇ ಚೂರು ಕೊಡು."

ಎಲ್ಲವೂ ಕಲ್ಲಿನಂತೆ ಒಣಗಿದ್ದವು. ಮೇಲಿದ್ದ ಒಂದು ಮುದ್ರೆಯ ಚೂರುಗಳು ಮಾತ್ರ ಇನ್ನೂ ಹಸಿ. ಹುರುಪೆ ಅಂಟಿದ ಮುದ್ರೆ ಇನ್ನೂ ಬಾಗಿಲಲ್ಲೇ ಇತ್ತು; ಈ ಚೂರುಗಳಲ್ಲಿ ಹುರುಪೆ ಇರಲಿಲ್ಲ. ಹಾಗಾದರೆ ನಿನ್ನೆ ಸಂಜೆ ನಖ್ತ ಒತ್ತಿದ್ದು ಇದು. ಆಮೇಲೆ ಯಾರೋ ಇದನ್ನು ಒಡೆದು ಹೊಸದು ಒತ್ತಿದ್ದಾರೆ. ಮೆರಿಪ್ತಾಹ್ ಎದುರಿಗೇ ಬಾಗಿಲು ತೆಗೆಸಿ ನೋಡಿದರೆ, ಒಳಗೆ ಏನೂ ಕಳುವಾಗಿರಲಿಲ್ಲ. ಮುದ್ರೆಯ ಅಚ್ಚು ಎಂದಿನ ಗೂಟದಲ್ಲೇ ನೇತಾಡುತ್ತಿತ್ತು.

"ಅಚ್ಚಿರೋ ಜಾಗ ಗೊತ್ತು. ಚೂರುಗಳನ್ನೂ ಬುಟ್ಟಿಗೇ ಹಾಕಿದ್ದಾನೆ," ಎಂದ ಸೆನ್ಬಿ. "ಇಷ್ಟು ಅಚ್ಚುಕಟ್ಟಾದ ಕಳ್ಳನನ್ನ ನಾನು ನೋಡಿಲ್ಲ."

ದ್ವಾರಪಾಲಕ ಹುಯಿಯನ್ನು ಕರೆಸಲಾಯಿತು.

"ನಿನ್ನೆ ಸಂಜೆ ಹೊರಗಿನವರು ಯಾರಾದ್ರೂ ಬಂದಿದ್ರಾ?"

"ಒಂದು ನರಪಿಳ್ಳೆಯೂ ಇಲ್ಲ."

"ಪಶೆದು?" ಹೋದ ತಿಂಗಳ ಸರದಿಯಲ್ಲಿ ಜೇನುಕೋಣೆ ನೋಡಿಕೊಂಡಿದ್ದ ಪೂಜಾರಿ ಪಶೆದು.

"ಬಂದಿದ್ರು, ಚಪ್ಪಲಿ ಮರೆತಿದ್ದೆ ಅಂತ. ಪಶೆದಣ್ಣ ಹೊರಗಿನವರಾ?"

ನಡುಮಧ್ಯಾಹ್ನ. ಪಶೆದುವಿನ ಅಂಗಳದಲ್ಲಿ ಗಂಡಹೆಂಡಿರು ಮೀನು ಹೆರೆಯುತ್ತಿದ್ದರು. ಅವನ ಸೇವೆಯ ತಿಂಗಳು ಮುಗಿದಿತ್ತು; ಗಲ್ಲದಲ್ಲಿ ಬಿಳಿ ಕುರುಚಲು ಗಡ್ಡ, ಕಣ್ಣು ಕೆಂಪು. ಪೊಲೀಸರನ್ನು ಕಂಡದ್ದೇ ಅವನ ಕೈಯ ಚೂರಿ ನಿಂತಿತು.

"ಬೀಗಮುದ್ರೆ ಒಡೆದಿದ್ಯಾಕೆ?"

"ಕೊನೇ ದಿನ ದೊಡ್ಡ ಗಡಿಗೆಗೆ ಮುಚ್ಚಳ ಹಾಕಿದ್ನೋ ಇಲ್ವೋ, ನೆನಪೇ ಆಗ್ಲಿಲ್ಲ. ಇರುವೆ ಬಿದ್ದ ಜೇನು ದೇವಿ ಮುಂದೆ ಹೋದ್ರೆ? ಮೂರು ರಾತ್ರಿ ಕಣ್ಣು ಮುಚ್ಚಿಲ್ಲ."

"ನನಗೂ ಮುಚ್ಚೋಕೆ ಬಿಟ್ಟಿಲ್ಲ," ಎಂದಳು ಹೆಂಡತಿ. "ಕರ್ಕೊಂಡು ಹೋಗಿ."

"ನಖ್ತನ್ನ ಕೇಳಬಹುದಿತ್ತಲ್ಲ?"

"ಕೇಳಿದ್ರೆ ಪಶೆದು ಮರೆತ ಅಂತ ಊರಿಗೆಲ್ಲ ಗೊತ್ತಾಗ್ತಿತ್ತು."

"ಮುಚ್ಚಳ ಇತ್ತಾ?"

"ಇತ್ತು. ಬಿಗಿಯಾಗೇ ಇತ್ತು."

"ನಿಮ್ಮ ಕೈಯ ಹುರುಪೆಯಿಂದ ಈ ಸಂಜೆ ನಖ್ತನ ಸೇವೆ ಹೋಗ್ತಿದೆ."

ಪಶೆದು ಗಕ್ಕನೆ ಎದ್ದು ಕೈ ತೊಳೆದುಕೊಂಡ. "ನಡೀರಿ ಮತ್ತೆ. ಇನ್ನೂ ನಿಂತೇ ಇದ್ದೀರಲ್ಲ."

ದೇವಿಯ ಮುದ್ರೆ ಒಡೆದ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಮೆರಿಪ್ತಾಹ್ ದೂರಿನಲ್ಲಿದ್ದ ನಖ್ತನ ಹೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಸಂಜೆ ಜೇನುಕೋಣೆಗೆ ನಖ್ತನೇ ಮುದ್ರೆ ಒತ್ತಿದ.

ಆರೋಪಿಯ ಹೇಳಿಕೆ ಬರೆದುಕೊಳ್ಳಲು ತೆಹರಿ ಲಾಕಪ್ಪಿಗೆ ಹೋದವನು ಬರಿಗೈಯಲ್ಲಿ ಬಂದ.

"ಎಷ್ಟು ಅಲುಗಾಡಿಸಿದ್ರೂ ಏಳ್ತಿಲ್ಲ, ಬುದ್ಧಿ. ಗೊರಕೆ ಹೊಡೀತಿದ್ದಾನೆ."

"ಬಿಡು," ಎಂದ ಸೆನ್ಬಿ. "ನಾಳೆ ಬರ್ಕೊಳ್ಳೋಣ."