ಕರೂರಿನ ನಲವತ್ತು ಹನಿ ರಕ್ತ

ಬಸ್ಸಿನ ಹಿಂಗಾಜಿನಲ್ಲಿ ಅದೇ ಜೀಪು!

ಸಿರುಗುಪ್ಪದಲ್ಲೇ ಕಣ್ತಪ್ಪಿಸಿದೆನೆಂದು ನಂಬಿದ್ದೆ. ಕುರುಗೋಡಿನಲ್ಲಿ ಬಸ್ಸು ನಿಧಾನಿಸಿತು. ಧುಮುಕಿದೆ... ಓಡಿದೆ.

ಬಳ್ಳಾರಿಯಲ್ಲಿ ಪತ್ತೇದಾರ ಎರ್ರಣ್ಣನೆಂದರೆ ರೌಡಿಗಳೂ ದಾರಿ ಬಿಡುತ್ತಾರೆ, ಸ್ವಾಮಿ. ಆ ನಾನು ಬಸವೇಶ್ವರನ ಗುಡಿಯಲ್ಲಿ ಬೃಹನ್ನಂದಿಯ ಬೆನ್ನ ಹಿಂದೆ ಮುದುಡಿ ಕುಳಿತಿದ್ದೆ!

ಮಾಡಿದ್ದು ಮೋಸ. ಕಂಟೋನ್ಮೆಂಟಿನ ಒಂದು ಲ್ಯಾಬು, ಸಂಶೋಧನೆಗೆಂದು ಕರೂರಿನ ನಲವತ್ತು ಜನರನ್ನು ಒಪ್ಪಿಸಿ ಬೆರಳಿನಿಂದ ಒಂದೊಂದು ಹನಿ ರಕ್ತ ತರಲು ನನ್ನನ್ನು ನೇಮಿಸಿತ್ತು. ಗದ್ದೆಯಲ್ಲಿ ಕೂಲಿಯಾಳು ಸುಂಕಲಮ್ಮ ಗದರಿದಳು:

"ನಾಟಿ ಟೈಮಿನ್ಯಾಗ ಬೆರಳು ಚುಚ್ಚಿಸ್ಕೊಂಡು ಕೆಸರಿಗಿಳಿದ್ರ ಕೀವಾಗತೈತಿ. ನಿನ್ನ ಬೆರಳಿಗೇನಾಗೈತೋ?"

ಏನೂ ಆಗಿರಲಿಲ್ಲ. ನನ್ನವೇ ಹತ್ತು ಬೆರಳು, ತಲಾ ನಾಲ್ಕು ಹನಿ. ನಲವತ್ತು ಹೆಸರು!

ಹೆಜ್ಜೆಯ ಸದ್ದು. ಲ್ಯಾಬಿನ ಡ್ರೈವರ್ ಹುಲುಗಪ್ಪ ನನ್ನ ಕೊರಳಪಟ್ಟಿ ಹಿಡಿದೆತ್ತಿದ.

"ಎಷ್ಟು ಓಡಸ್ತೀಯಲೇ!"

"ಹೊಡೀಬ್ಯಾಡಪ್ಪೋ... ತಪ್ಪಾತು!"

"ಹೊಡಿಯಾಕ ಯಾರು ಬಂದಾರ?" ಎಂದಳು ಹಿಂದೆಯೇ ಏದುಸಿರಿಡುತ್ತ ಬಂದ ಲ್ಯಾಬಿನ ಡಾಕ್ಟರ್ ನೇತ್ರಾ. "ಎರ್ರಣ್ಣ, ನಮ್ಮ ಲ್ಯಾಬಿನ ಗಾಜಿನ ಬಿಲ್ಲೆಯಾಗ ಕೂದಲಿನಷ್ಟು ಸಣ್ಣ ಕಾಲುವಿ ಅದಾವ. ಒಂದೊಂದಾ ರಕ್ತಕಣ ಹರಿಸಿ ಫೋಟೊ ತಗದ್ವಿ. ಲಕ್ಷಗಟ್ಟಲೆ ಫೋಟೊ ನೋಡಿ ಕಲಿತಿರೋ ಕಂಪ್ಯೂಟರ್ರು, ನಲವತ್ತೂ ಹನಿಯಾಗ ಬಲಿಯದ ಬಿಳಿ ಕಣ ತೋರಿಸಾಕತ್ತೈತಿ. ಬ್ಲಡ್ ಕ್ಯಾನ್ಸರ್ ಇದ್ದಂಗೈತಿ!"

ಬೆರಳುಗಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ.

"ನೀರಿನಾಗ ವಿಷ ಐತೇನೋ ಅಂತ ಕರೂರಿಗೆ ಓಡಿದ್ವಿ. ಒಬ್ರೂ ರಕ್ತ ಕೊಟ್ಟಿಲ್ಲಂತ! ಹಂಗಾರ ಇದು ಯಾರದು? ಲಗೂನ ಹೇಳ್ರಿ. ತಡ ಆದ್ರ ಜೀವ ಉಳಿಯಂಗಿಲ್ಲ."

ಬಾಯಿ ಬಿಟ್ಟರೆ ಜೈಲು. ಮುಚ್ಚಿದರೆ... ಮಸಣ.

ಚಾಕು ಕಂಡಿದ್ದೇನೆ, ಪಿಸ್ತೂಲು ಕಂಡಿದ್ದೇನೆ. ಅವುಗಳಿಂದ ಓಡಬಹುದು. ಈ ಶತ್ರು ನನ್ನೊಳಗೇ ಕುಳಿತು ನನ್ನೊಡನೆ ಓಡಿ ಬಂದಿತ್ತು!

ಮುಷ್ಟಿ ಬಿಚ್ಚಿ ಎರಡೂ ಕೈ ಚಾಚಿದೆ. ಬೆರಳ ತುದಿಗಳ ತುಂಬ ಕಪ್ಪು ಚುಕ್ಕೆ.

ನೇತ್ರಾ ಎಣಿಸಲಿಲ್ಲ. "ಅಯ್ಯೋ ಅಣ್ಣ..." ಎಂದಳು.

ಹುಲುಗಪ್ಪನ ಹಿಡಿತ ಸಡಿಲಿತು. ಅದೇ ಕೈ ನನ್ನ ತೋಳಿಗೆ ಆಸರೆಯಾಯಿತು. ಅದಕ್ಕೇ ಹೆಚ್ಚು ಹೆದರಿದೆ.

"ಮೇಡಂ," ಎಂದನಾತ ಮೆಲ್ಲಗೆ, "ಆಸ್ಪತ್ರ್ಯಾಗ ನಲವತ್ತು ಬೆಡ್ ಖಾಲಿ ಮಾಡಸಾಕತ್ತಾರಲ್ರಿ..."

"ಒಂದು ಸಾಕಂತ ಹೇಳಪ್ಪಾ," ಎಂದೆ. "ಆ ನಲವತ್ತೂ ಮಂದಿ ಆರಾಮ ನಾಟಿ ಹಚ್ಚಾಕತ್ತಾರ."