ಉದ್ಘಾಟನೆಯಾಗದ ಆಂಬುಲೆನ್ಸ್

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ದೂರು ನೋಡುವುದಕ್ಕೆ ಸಣ್ಣದು. ಶಾಸಕರ ಆಪ್ತ ಸಹಾಯಕ ಕುರ್ಚಿಯ ತುದಿಯಲ್ಲಿ ಕುಳಿತು, ಕತ್ತಿನ ಬೆವರು ಒರೆಸಿಕೊಳ್ಳುತ್ತ ಹೇಳಿದ್ದಿಷ್ಟು: ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಿಂದ ಸರ್ಕಾರಿ ಆಸ್ಪತ್ರೆಗೆ ಬಂದ ಹೊಸ ಆಂಬುಲೆನ್ಸ್‌ನೊಳಗಿನ ಆಕ್ಸಿಜನ್ ಸಿಲಿಂಡರ್ ಕಾಣೆಯಾಗಿದೆ. ಬುಧವಾರ ಉದ್ಘಾಟನೆ. ಒಳಗೆ ಕಸ ಗುಡಿಸಲೆಂದು ಬಾಗಿಲು ತೆಗೆದಾಗ ಗೊತ್ತಾಯಿತು.

“ಗಾಡಿ ಬಂದು ಎಷ್ಟು ದಿನ ಆಯ್ತು?” ಇನ್‌ಸ್ಪೆಕ್ಟರ್ ಕೇಳಿದಳು.

“ಮೂರು ತಿಂಗಳು, ಮೇಡಂ.”

“ಇನ್ನೂ ಓಡೇ ಇಲ್ವಾ?”

“ಸಾಹೇಬರಿಗೆ ಬಿಡುವು ಸಿಕ್ಕಿಲ್ಲ. ಉದ್ಘಾಟನೆ ಆಗದೆ ಹೇಗೆ ಓಡ್ಸೋದು?”

ಎಫ್‌ಐಆರ್ ಬರೆಯುತ್ತಿದ್ದ ದಫೇದಾರ ತಲೆ ಎತ್ತಲಿಲ್ಲ. “ದುಡ್ಡು ಸರ್ಕಾರದ್ದು, ಶಿಫಾರಸು ಸಾಹೇಬರದ್ದು. ಧೂಳು ಕುಡಿಯೋದು ಮಾತ್ರ ಗಾಡಿ ಪಾಲಿಗೆ.”

ಸಹಾಯಕ ನಗಲಿಲ್ಲ. “ದೊಡ್ಡದು ಮಾಡ್ಬೇಡಿ ಮೇಡಂ. ದೂರು ಕೊಟ್ಟು ಬಾ ಅಂದ್ರು ಸಾಹೇಬರು, ಬಂದೆ.”

ಹನ್ನೊಂದೂವರೆಗೆ ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಪಂಚನಾಮೆ ಶುರುವಾಯಿತು. ತಗಡಿನ ಚಪ್ಪರದಡಿ ಬಿಳಿ ಆಂಬುಲೆನ್ಸ್ ನಿಂತಿತ್ತು, ಏಳು ಸುತ್ತಿನ ಕೋಟೆಯೊಳಗೆ ಕೂಡಿಟ್ಟ ರಾಜಕುಮಾರಿಯ ಹಾಗೆ. ಸೀಟಿನ ಪ್ಲಾಸ್ಟಿಕ್ ಹೊದಿಕೆ ಹರಿದಿರಲಿಲ್ಲ. ಬೀಗ ಒಡೆದಿರಲಿಲ್ಲ. ಹೋದ ಸಲ ಗೊತ್ತುಮಾಡಿ ಮುಂದೆ ಹಾಕಿದ ಉದ್ಘಾಟನೆಗೆಂದು ಹಿಂಬಾಗಿಲಿಗೆ ಅಡ್ಡ ಕಟ್ಟಿದ್ದ ಕೆಂಪು ರಿಬ್ಬನ್ನನ್ನು ಗುಡಿಸುವವಳು ಒಂದು ಬದಿಯಲ್ಲಷ್ಟೇ ಸಡಿಲಿಸಿದ್ದಳು. ಇನ್ನೊಂದು ಬದಿಯ ಗಂಟು ಹಾಗೆಯೇ ಇತ್ತು.

ಆಗ ಅಲಂಕಾರ ಮಾಡಿದ್ದವನನ್ನೂ ಕರೆಸಿದ್ದರು; ಅವನು ಅದನ್ನು ನೋಡಿ ತಲೆಯಾಡಿಸಿದ. “ನಾನು ಪಿನ್ ಚುಚ್ಚಿ ಹೂ ಮಾಡಿ ಹೋಗಿದ್ದೆ. ಇದು ನನ್ನ ಕೈಯಲ್ಲ.”

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದಳು. ರಿಬ್ಬನ್ನನ್ನು ಎರಡು ಮಡಿಕೆ ಮಾಡಿ, ಒಂದು ಕುಣಿಕೆಯನ್ನು ಇನ್ನೊಂದರೊಳಗೆ ತೂರಿಸಿ, ತುದಿಗಳನ್ನು ಒಳಗೆ ಸಿಕ್ಕಿಸಿದ್ದರು. ಶಾಲೆಗೆ ಹೊರಟ ಹುಡುಗಿಯ ಮಡಿಚಿದ ಜಡೆಗೆ, ಸಂಜೆಯವರೆಗೂ ಬಿಚ್ಚದಿರಲೆಂದು ಕಟ್ಟುವ ಗಂಟು. ಸಿಲಿಂಡರ್ ಒಯ್ದವರು ರಿಬ್ಬನ್ ಮತ್ತೆ ಕಟ್ಟುವಾಗ ಅವಸರದಲ್ಲಿ ಕೈಗೆ ರೂಢಿಯಾದದ್ದನ್ನೇ ಮಾಡಿ ಹೋಗಿದ್ದರು.

“ರಿಬ್ಬನ್ ಅಂದ್ಮೇಲೆ ಹೆಂಗಸರ ಕೈವಾಡವೇ,” ದಫೇದಾರ ಗುಡಿಸುವವಳತ್ತ ತಿರುಗಿದ. “ಏನಮ್ಮಾ?”

ಅವಳು ಪೊರಕೆ ಕೆಳಗಿಟ್ಟಳು. “ನನಗಿರೋದು ಎರಡು ಗಂಡು ಮಕ್ಳು ಸಾರ್. ಇಬ್ಬರ ತಲೇಲೂ ಸೇರಿ ಒಂದು ಹಿಡಿ ಕೂದ್ಲಿಲ್ಲ. ರಿಬ್ಬನ್ನು ಮೂಗಿಗೆ ಕಟ್ಟಲಾ?”

ಪಂಚರಿಬ್ಬರೂ ನಕ್ಕರು. ದಫೇದಾರ ಪೆನ್ನು ಜೇಬಿಗೆ ಹಾಕಿ ಮತ್ತೆ ತೆಗೆದ.

ವೈದ್ಯರ ಹೇಳಿಕೆ: ಒಂದು ಕೀಲಿ ತಮ್ಮ ಬೀರುವಿನಲ್ಲಿದೆ, ಇನ್ನೊಂದು ಶಾಸಕರ ಕಚೇರಿಯಲ್ಲಿ. ವೇದಿಕೆಯ ಮೇಲೆ ಕೈಯಿಂದ ಕೈಗೆ ಕೊಡಲು ಶಾಸಕರಿಗೊಂದು ಕೀಲಿ ಬೇಕಿತ್ತು.

“ಈಚೆಗೆ ಯಾರು ಬಂದಿದ್ರು?” ಇನ್‌ಸ್ಪೆಕ್ಟರ್ ಕಾವಲುಗಾರನನ್ನು ಕೇಳಿದಳು.

“ಯಾರೂ ಇಲ್ಲ ಮೇಡಂ.”

“ಶಾಸಕರ ಕಚೇರಿಯಿಂದ?”

“ಅಯ್ಯೋ, ಅವರು ಬಂದ್ರೆ ಅದನ್ನ ಬಂದ್ರು ಅಂತಾರಾ? ಆಪ್ತ ಸಹಾಯಕರು ವೇದಿಕೆಗೆ ಜಾಗ ಅಳೆಯೋಕೆ ಹೋದ ತಿಂಗಳೆಲ್ಲಾ ಬಂದು ಹೋಗಿ ಮಾಡ್ತಿದ್ರು. ಕಾರು ಇಲ್ಲೇ ಹಿಂದೆ ನಿಲ್ಲಿಸ್ತಿದ್ರು.”

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಇನ್‌ಸ್ಪೆಕ್ಟರ್ ಕೀಲಿಯ ವಿಚಾರ ಕೇಳಲೆಂದು ಸಹಾಯಕನ ಮನೆಗೆ ಹೋದಳು. ಎರಡನೇ ಮಹಡಿ, ಕಿರಿದಾದ ಮೆಟ್ಟಿಲು, ಬಾಗಿಲ ಬಳಿ ಪಾಲಿಶ್ ಮಾಡಿದ ಪುಟ್ಟ ಬೂಟುಗಳು. ಎಂಟು ವರ್ಷದ ಹುಡುಗಿ ಚೀಲ ಹೆಗಲಿಗೇರಿಸಿ ಹೊರಬಂದಳು. ಎರಡು ಜಡೆ, ಎರಡು ನೀಲಿ ರಿಬ್ಬನ್. ತುದಿಗಳು ಒಳಗೆ ಸಿಕ್ಕಿದ್ದವು.

“ಎಷ್ಟು ಚೆನ್ನಾಗಿ ಕಟ್ಟಿದ್ದಾರೆ! ಯಾರು ಪುಟ್ಟಿ, ಅಮ್ಮನಾ?”

“ಅಪ್ಪ. ಅಮ್ಮ ಕೈ ಎತ್ತಿದ್ರೆ ಉಸಿರು ಸಿಗಲ್ಲ.”

ಅವನು ಬಾಗಿಲಲ್ಲಿ ನಿಂತಿದ್ದ, ಬಾಚಣಿಗೆ ಇನ್ನೂ ಕೈಯಲ್ಲಿತ್ತು. ಮಗಳು ಮೆಟ್ಟಿಲಿಳಿದು ಮರೆಯಾಗುವವರೆಗೆ ಅವಳನ್ನೇ ನೋಡುತ್ತಿದ್ದ.

“ಒಳಗಿದೆ ಮೇಡಂ,” ಎಂದ ಆಮೇಲೆ. “ಈಗಲೇ ತಗೊಂಡು ಹೋಗ್ತೀರಾ?”

ಒಳಕೋಣೆಯಲ್ಲಿ ಮಂಚದ ಪಕ್ಕ ಸಿಲಿಂಡರ್ ನಿಂತಿತ್ತು. ಅದರ ಕೊಳವೆಯ ಇನ್ನೊಂದು ತುದಿಯಲ್ಲಿ ಅವನ ಹೆಂಡತಿ ಮೂರು ದಿಂಬಿಗೆ ಒರಗಿ ಕುಳಿತಿದ್ದಳು. ಖಾಕಿ ಕಂಡವಳೇ ಸೆರಗು ಸರಿಪಡಿಸಿಕೊಂಡು ಗಂಡನ ಮುಖ ನೋಡಿದಳು.

ಕಳುವಾದ ಮಾಲು ಕಣ್ಣೆದುರಿಗಿತ್ತು. ಕಾನೂನಿನ ಪ್ರಕಾರ ಜಪ್ತಿ ಮಾಡಬೇಕು. ವಾಲ್ವ್ ಮುಚ್ಚಿದರೆ ಅವಳಿಗೆ ಉಸಿರು ಕಟ್ಟಬಹುದು. ಇನ್‌ಸ್ಪೆಕ್ಟರ್ ಮೊದಲು ಆಸ್ಪತ್ರೆಗೆ ಫೋನ್ ಮಾಡಿದಳು. ಹಳೆಯ ಆಂಬುಲೆನ್ಸ್ ಕೆಮ್ಮುತ್ತ ಬಂತು. ವೈದ್ಯರೇ ಜೊತೆಗೆ ಬಂದು, ಬೇರೆ ಸಿಲಿಂಡರಿಗೆ ಕೊಳವೆ ಬದಲಾಯಿಸಿ, ಅವಳನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿಕೊಂಡು ಹೋದರು. ಹೋಗುವಾಗ ಸಹಾಯಕನತ್ತ ತಿರುಗಿ, “ನನ್ನನ್ನ ಕೇಳಿದ್ರೆ ಹಾಸಿಗೆ ಕೊಡ್ತಿರಲಿಲ್ವೇನ್ರೀ?” ಎಂದರು. ಅವರೆಲ್ಲ ಹೊರಟ ಮೇಲಷ್ಟೇ, ಠಾಣೆಯಿಂದ ಬಂದ ದಫೇದಾರ ಜಪ್ತಿಯ ಪಂಚನಾಮೆಗೆ ಕೂತ.

ಠಾಣೆಯಲ್ಲಿ ಸಹಾಯಕ ಎಲ್ಲವನ್ನೂ ಒಪ್ಪಿಕೊಂಡ. ಸಿಲಿಂಡರ್ ಖಾಲಿಯಾದಾಗಲೆಲ್ಲ ಪಕ್ಕದ ಊರಿನಲ್ಲಿ ತುಂಬಿಸಿಕೊಂಡು ಬರುತ್ತಿದ್ದ. ಹೋದ ಸಲದ ತಾರೀಖನ್ನು ಮುಂದೆ ಹಾಕಿಸಿದವನೂ ಅವನೇ. ಈ ಸಲ ಮಾತ್ರ ಸಾಹೇಬರು ಯಾವುದೋ ಸಭೆಯಲ್ಲಿ ಮೈಕಿನ ಮುಂದೆಯೇ ಬುಧವಾರ ಎಂದುಬಿಟ್ಟಿದ್ದರು. ಸಿಲಿಂಡರ್ ವಾಪಸ್ ಇಡಲು ಎರಡು ಸಲ ಕಾರಿನವರೆಗೆ ಹೊತ್ತು ತಂದು, ಮತ್ತೆ ಮೇಲಕ್ಕೆ ಹೊತ್ತಿದ್ದ.

“ಇಷ್ಟು ವರ್ಷದಿಂದ ಅವರ ಜೊತೆ ಇದ್ದೀರಿ. ಒಂದು ಮಾತು ಕೇಳಬಹುದಿತ್ತಲ್ಲ?”

“ಕೇಳಿದ್ರೆ ಇಲ್ಲ ಅಂತಿರಲಿಲ್ಲ ಮೇಡಂ. ಸಾಹೇಬರು ಕೊಡೋ ಕೈ.” ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆದ. “ಅವತ್ತೇ ಹಣ್ಣಿನ ಬುಟ್ಟಿ ಹಿಡ್ಕೊಂಡು ನೋಡೋಕೆ ಬರ್ತಿದ್ರು. ಹಿಂದೇನೇ ಫೋಟೋದವನು. ಆಸ್ಪತ್ರೆಗೆ ಸೇರಿಸಿದ್ರೂ ಅಷ್ಟೆ. ಅವಳು ಒಂದೇ ಮಾತು ಹೇಳಿದ್ಲು, ಈ ಮುಖ ಊರಿಗೆಲ್ಲಾ ತೋರಿಸ್ಬೇಡಿ ಅಂತ.”

“ಫೋಟೋ ಬೇಡ ಅನ್ನಬಹುದಿತ್ತು.”

“ಯಾರಿಗೆ ಅನ್ನಲಿ? ಫೋಟೋ ಏರ್ಪಾಡು ಮಾಡೋನೇ ನಾನು. ಮಾಸ್ಕ್ ಸ್ವಲ್ಪ ಕೆಳಗಿಳಿಸಮ್ಮಾ, ಸಾಹೇಬರ ಕಡೆ ನೋಡಮ್ಮಾ ಅಂತ ಇಷ್ಟು ವರ್ಷ ಎಲ್ಲರ ಮನೆ ಹೆಂಗಸರಿಗೂ ಹೇಳಿದೋನು ನಾನೇ.”

ಬಂಧನದ ಸಮಯ, ಹನ್ನೊಂದು ನಲವತ್ತು. ಅವನು ಸಹಿ ಹಾಕಿದ. ಬಂಧಿತನ ಭಾವಚಿತ್ರ ತೆಗೆದು ಕಡತಕ್ಕೆ ಹಚ್ಚುವುದು ಠಾಣೆಯ ಕ್ರಮ. ದಫೇದಾರ ಕ್ಯಾಮೆರಾ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ. ಇನ್‌ಸ್ಪೆಕ್ಟರ್ ಕೈ ಅಡ್ಡ ಮಾಡಿದಳು.

“ಇರಲಿ,” ಎಂದಳು. “ಮೊದಲು ಮುಖ ತೊಳ್ಕೊಳ್ಳಲಿ.”