ಸೊನ್ನೆ ಒತ್ತಿದವನು

ನನ್ನ ಎದೆಬಡಿತ ಪಕ್ಕದ ಕುರ್ಚಿಗೂ ಕೇಳಿಸುತ್ತಿದೆಯಾ...?

ಆಫೀಸಿನವರು 'ಪಿಸುಮಾತು' ಎಂದು ಅಡ್ಡಹೆಸರಿಟ್ಟಿದ್ದ ಅವಳಿಗೆ ಆ ಬೆಳಿಗ್ಗೆ ಅದೊಂದೇ ಚಿಂತೆ. ಪಕ್ಕದಲ್ಲಿ ಕುಳಿತಿದ್ದವನು ಪ್ರೋಗ್ರಾಂಗಳ ತಪ್ಪು ಹುಡುಕುವ ಟೆಸ್ಟರ್. ಅವಳ ಅಕ್ಕನ ಮದುವೆಯಾದಾಗಿನಿಂದ ಮಾತು ಬಿಟ್ಟವನು. ಇಂದು ಅವನಿಗೆ ಇಲ್ಲಿ ಕೊನೆಯ ದಿನ.

ಮದುವೆಗೆ ಯಾರು ಬರುತ್ತಾರೆಂದು ತಿಳಿಯಲು ಅವಳೇ ಒಂದು ಪ್ರೋಗ್ರಾಂ ಬರೆದಿದ್ದಳು. ಈಗ ಕಂಪನಿಯ ಔತಣಕ್ಕೂ ಅದೇ ಬೇಕಂತೆ. ಪರೀಕ್ಷಿಸುವ ಕೆಲಸ ಅವನ ಪಾಲಿಗೆ ಬಂದಿತ್ತು.

"'ನಿಮ್ಮ ಜೊತೆ ಎಷ್ಟು ಜನ?' ಅಂತ ಕೇಳ್ತಿದೆ. ಒಬ್ಬನೇ ಅಂತ ಸೊನ್ನೆ ಒತ್ತೀನಿ," ಎಂದ, ಪರದೆಯಿಂದ ಕಣ್ಣು ಕೀಳದೆ. "ಆವತ್ತೂ ಅದನ್ನೇ ಒತ್ತಿದ್ದೆ."

ಸುಳ್ಳು! 'ಬರುವುದಿಲ್ಲ' ಅಂತ ತಾನೇ ಒತ್ತಿದ್ದು... ಎಂದುಕೊಂಡಳು.

ಅವನ ಹೆಸರು ಪರದೆಯ ಮೇಲೆ ಮೂಡಿತು. 'ಬರುವುದಿಲ್ಲ' ಎಂಬುದರ ಕೆಳಗೆ!

ಅವಳು ಪ್ರೋಗ್ರಾಂನ ಕೋಡ್ ತೆರೆದಳು. ಬರುವುದಿಲ್ಲ ಎಂದವರ ಉತ್ತರ 'ಫಾಲ್ಸ್', ಅಂದರೆ 'ಇಲ್ಲ' ಎಂದು ದಾಖಲಾಗುತ್ತಿತ್ತು. ಉತ್ತರ ಫಾಲ್ಸ್ ಹೌದೋ ಅಲ್ಲವೋ ಎಂದು ಹೋಲಿಸುವ ಸಾಲಿನಲ್ಲಿ ಅವಳು ಹಾಕಿದ್ದು ಎರಡೇ ಸಮಚಿಹ್ನೆ. ಎರಡಿದ್ದರೆ ಸೊನ್ನೆಯೂ ಫಾಲ್ಸೂ ಒಂದೇ ಎಂದುಬಿಡುತ್ತದೆ. ಮೂರಿದ್ದರಷ್ಟೇ ಬೇರೆ ಬೇರೆ.

"ನಮ್ಮ ನೆಂಟರಲ್ಲಿ ಒಬ್ಬೊಬ್ಬರೇ ಬರೋರೇ ಇಲ್ಲ... ಸೊನ್ನೆ ಹಾಕಿ ನೋಡ್ಲೇ ಇಲ್ಲ..."

"ಒಬ್ಬನೇ ಬರ್ತೀನಿ ಅಂದವನು ಬರೋದೇ ಇಲ್ಲ ಅಂತಾಯ್ತು!" ಅವನು ಒಣನಗೆ ನಕ್ಕ. "ಛತ್ರದ ಬಾಗಿಲಲ್ಲಿ ನಿಮ್ಮ ಚಿಕ್ಕಪ್ಪ ಪಟ್ಟಿ ನೋಡಿ, 'ಹೆಸರಿಲ್ವಲ್ಲಪ್ಪಾ, ಯಾರ ಕಡೆಯವ್ನು ನೀನು?' ಅಂದ್ರು. ಹಿಂದೆ ನಿಂತವರು ಕಿಸಕ್ಕಂತ ನಕ್ರು. ವಾಪಸ್ ಬಂದ್ಬಿಟ್ಟೆ. ಮಾರನೇ ದಿನ ನೀವು ಮುಖ ತಿರುಗಿಸ್ಕೊಂಡು ಹೋದ್ರಿ."

"ಫೋನ್ ಮಾಡ್ಬಹುದಿತ್ತಲ್ಲಾ..."

"ಮಾಡಿ? ಊಟಕ್ಕೆ ಒಳಗೆ ಬಿಡಿ ಅಂತ ಕೇಳ್ಬೇಕಿತ್ತಾ?"

ಅವಳ ಕಣ್ಣ ಮುಂದೆ ಆ ದಿನ ಬಂತು. ಮದುಮಗಳ ಅಲಂಕಾರದಲ್ಲೇ ಅಕ್ಕ ಕೆಣಕಿದ್ದಳು: "ಬರಲ್ಲ ಅಂದವನಿಗೆ ಯಾಕೇ ಕೊಕ್ಕರೆ ಹಾಗೆ ಕತ್ತು ಉದ್ದ ಮಾಡ್ತೀಯ?"

ಮೂರನೆಯ ಚಿಹ್ನೆ ಸೇರಿಸಿದಳು. ಅವನ ಹೆಸರು 'ಬರುತ್ತಾರೆ' ಎಂಬುದರ ಕೆಳಗೆ ಸರಿಯಿತು.

"ಸರಿಹೋಯ್ತು," ಎಂದು ಅವನು ಎದ್ದ. "ಮದುವೆ ಮಾತ್ರ ಮುಗಿದೋಯ್ತು."

ಚೀಲ ಹೆಗಲೇರಿತು. ಇನ್ನು ಅವನು ಈ ಕುರ್ಚಿಗೆ ಬರುವುದಿಲ್ಲ.

"ಹೋಗ್ಬೇಡಿ..."

"ಏನಂದ್ರಿ? ನಿಮ್ಮ ಮಾತು ಯಾವತ್ತೂ ಕೇಳಿಸಲ್ಲ ನೋಡಿ."

ಅವಳು ಎದ್ದು ನಿಂತಳು. ಸುತ್ತಲಿನ ಕೀಬೋರ್ಡುಗಳು ಒಮ್ಮೆಲೇ ಸುಮ್ಮನಾದವು.

"ಆವತ್ತು ಮದುವೇಲಿ, ನೀವು ಬರಲ್ಲ ಅಂತ ಗೊತ್ತಿದ್ದೂ ನನ್ನ ಪಕ್ಕದ ಕುರ್ಚೀಲಿ ಯಾರನ್ನೂ ಕೂರಿಸ್ಲಿಲ್ಲ!"